ವಾರಕ್ಕೆ ನೂರು ರೂಪಾಯಿ

ಸಹೋದರಿಯರೇ, ಮುಂದೆ ಓದುವ ಮುನ್ನ ಒಂದು ಕೆಲಸ ಮಾಡಿ. ಅಡುಗೆ ಮನೆಗೆ ಹೋಗಿ, ಸಾಸಿವೆ ಡಬ್ಬಿಯಲ್ಲೋ ಅಕ್ಕಿ ಡ್ರಮ್ಮಿನ ತಳದಲ್ಲೋ ಯಾರಿಗೂ ಹೇಳದೆ ನೀವು ಇಟ್ಟಿರುವ ಹಣವನ್ನು ಎಣಿಸಿ ಬನ್ನಿ. ಇವತ್ತು ರಾತ್ರಿ ಮಗುವಿಗೆ ಜ್ವರ ಏರಿದರೆ, ನಾಳೆ ಮನೆಯವರ ಆಟೋ ಗ್ಯಾರೇಜಿನಲ್ಲಿ ನಿಂತರೆ ಅಷ್ಟು ಸಾಕೇ? ಸಾಕು ಎನ್ನುವವರು ಅದೃಷ್ಟವಂತರು. ಸಾಲದು ಎನ್ನುವವರು ಮುಂದೆ ಓದಿ.

ಉಳಿತಾಯದ ಬಗ್ಗೆ ಬರುವ ಲೇಖನಗಳೆಲ್ಲ ಸಾಮಾನ್ಯವಾಗಿ ಒಂದೇ ರೀತಿ ಇರುತ್ತವೆ. ತಿಂಗಳ ಸಂಬಳ ಬಂದ ಕೂಡಲೇ ಇಷ್ಟು ಭಾಗ ಬಾಡಿಗೆಗೆ, ಇಷ್ಟು ಭಾಗ ದಿನಸಿಗೆ, ಇಷ್ಟು ಭಾಗ ಬ್ಯಾಂಕಿಗೆ. ಓದಲು ಚೆನ್ನಾಗಿದೆ. ಆದರೆ ಮಂಡ್ಯ, ಮದ್ದೂರು, ಮಳವಳ್ಳಿಯ ನಮ್ಮ ಮೊಹಲ್ಲಾಗಳಲ್ಲಿ ತಿಂಗಳ ಸಂಬಳದವರು ಎಷ್ಟು ಮನೆ? ಬೆಲ್ಲದ ಮಂಡಿಯಲ್ಲಿ ಮೂಟೆ ಹೊರುವವರು, ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ಲಾರಿಗೆ ಲೋಡು ಮಾಡುವವರು, ಹಣ್ಣಿನ ಗಾಡಿ, ಮಟನ್ ಅಂಗಡಿ, ವೆಲ್ಡಿಂಗ್ ಶಾಪು, ಟೈಲರಿಂಗ್. ಇವರದೆಲ್ಲ ಆ ದಿನದ ದುಡಿಮೆ ಆ ದಿನಕ್ಕೆ. ಒಂದು ದಿನ ಎಂಟುನೂರು ಬರುತ್ತದೆ, ಮರುದಿನ ಮಳೆ ಹಿಡಿದು ಬರಿಗೈ. ಕಬ್ಬು ಕಟಾವಿನ ಕಾಲದಲ್ಲಿ ಊರಲ್ಲೆಲ್ಲ ಹಣ ಓಡಾಡುತ್ತದೆ. ಕಾರ್ಖಾನೆಯಿಂದ ರೈತರಿಗೆ ಬಾಕಿ ಬರುವುದು ತಡವಾದರೆ ಅಂಗಡಿ ಬೀದಿಯೇ ಮಂಕಾಗುತ್ತದೆ. ಇಂಥ ಮನೆಗೆ ತಿಂಗಳ ಲೆಕ್ಕ ಹೊಂದುವುದಿಲ್ಲ. ನಮಗೆ ಬೇಕಾದದ್ದು ದಿನದ ಲೆಕ್ಕ, ಹೆಚ್ಚೆಂದರೆ ವಾರದ ಲೆಕ್ಕ.

ವಾರದ ಲೆಕ್ಕ ನಮಗೆ ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತದೆ. ಮೈಕ್ರೋ ಫೈನಾನ್ಸಿನ ಕಂತನ್ನು ವಾರ ತಪ್ಪದೆ ಕಟ್ಟುತ್ತಿರುವವರು ನಾವೇ ತಾನೆ!

ಸಂಘ ಎಂದರೆ ಯಾವ ಸಂಘ?

ನಮ್ಮಲ್ಲಿ ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಬಿದ್ದಿದೆ. 2000ನೇ ಇಸವಿಯಲ್ಲಿ ಕರ್ನಾಟಕ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗ ಹುಟ್ಟಿದ ಸಂಘಗಳು ಉಳಿತಾಯದ ಸಂಘಗಳು. ವಾರಕ್ಕೆ ಹತ್ತೋ ಇಪ್ಪತ್ತೋ ರೂಪಾಯಿ ಮೊದಲು ನೀವು ಹಾಕಬೇಕು. ಆ ಹಣ ನಿಮ್ಮದು. ಅದರಿಂದಲೇ ಒಬ್ಬರಿಗೊಬ್ಬರು ಸಾಲ. ಆಮೇಲೆ ಬಂದ ಮೈಕ್ರೋ ಫೈನಾನ್ಸ್ ಗುಂಪಿನಲ್ಲಿ ಉಳಿತಾಯವಿಲ್ಲ. ಅಲ್ಲಿ ಇರುವುದು ಕಂಪನಿಯ ಸಾಲ ಮತ್ತು ಪರಸ್ಪರ ಜಾಮೀನು ಮಾತ್ರ. ಒಬ್ಬಳು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ. ಎರಡನ್ನೂ ನಾವು ‘ಸಂಘ’ ಎಂದೇ ಕರೆಯುತ್ತೇವೆ. "ನಾನೂ ಸಂಘದಲ್ಲಿದ್ದೇನೆ" ಎಂದು ಒಬ್ಬ ಸಹೋದರಿ ಹೇಳಿದರೆ ಆಕೆ ಹಣ ಕೂಡಿಡುತ್ತಿದ್ದಾಳೋ ಸಾಲ ತೀರಿಸುತ್ತಿದ್ದಾಳೋ ಎಂಬುದೇ ತಿಳಿಯುವುದಿಲ್ಲ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಮೂವತ್ತು ಸಾವಿರ ಸಾಲ, ವಾರಕ್ಕೆ ಏಳುನೂರರಂತೆ ಐವತ್ತು ವಾರ. ಒಟ್ಟು ಕಟ್ಟುವುದು ಮೂವತ್ತೈದು ಸಾವಿರ. ಹೆಚ್ಚು ಕೊಟ್ಟದ್ದು ಐದು ಸಾವಿರ ತಾನೆ, ನೂರಕ್ಕೆ ಹದಿನಾರು ಹದಿನೇಳು ಅಷ್ಟೇ ಎನ್ನುತ್ತೀರಿ. ಹಾಗಲ್ಲ. ಪ್ರತಿ ವಾರ ನೀವು ಅಸಲನ್ನೂ ತೀರಿಸುತ್ತಾ ಬರುತ್ತೀರಿ. ಇಡೀ ವರ್ಷಕ್ಕೆ ಸರಾಸರಿ ನೋಡಿದರೆ ನಿಮ್ಮ ಬಳಿ ಇದ್ದ ಸಾಲ ಹದಿನೈದು ಸಾವಿರದ ಆಸುಪಾಸು. ಅದಕ್ಕೆ ಐದು ಸಾವಿರ ಎಂದರೆ ನೂರಕ್ಕೆ ಮೂವತ್ತು ದಾಟಿತು. ಸಾಲ ಕೊಡುವಾಗಲೇ ಮುರಿದುಕೊಳ್ಳುವ ವಿಮೆ, ಶುಲ್ಕ ಬೇರೆ.

ಈ ಐದು ಸಾವಿರವನ್ನು ಐವತ್ತು ವಾರಕ್ಕೆ ಹಂಚಿ. ವಾರಕ್ಕೆ ನೂರು ರೂಪಾಯಿ.

ಸಾಲ ಮಾಡಿದ ಮನೆಯಿಂದ ಪ್ರತಿ ವಾರ ಸದ್ದಿಲ್ಲದೆ ಹೊರಗೆ ಹೋಗುವ ಹಣ ಇಷ್ಟೇ. ಸಾಲಕ್ಕೆ ಮೊದಲೇ ಇದೇ ನೂರನ್ನು ಕೂಡಿಟ್ಟಿದ್ದರೆ ವರ್ಷದ ಕೊನೆಗೆ ಐದು ಸಾವಿರ ನಿಮ್ಮ ಕೈಯಲ್ಲಿರುತ್ತಿತ್ತು. ಬಡ್ಡಿ ಹರಾಮ್ ಎಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಪ್ರವಚನ ಕೇಳಿದ್ದೇವೆ, ಮಕ್ಕಳಿಗೂ ಹೇಳಿಕೊಡುತ್ತೇವೆ. ಗೊತ್ತಿದ್ದೂ ಕೈ ಚಾಚುವುದು ಆಸೆಯಿಂದಲ್ಲ. ಕಷ್ಟ ಬಂದ ದಿನ ಮನೆಯಲ್ಲಿ ಎರಡು ಸಾವಿರ ಇಲ್ಲದ್ದರಿಂದ. ಆದ್ದರಿಂದ ಬಡ್ಡಿಯ ವಿರುದ್ಧ ಮಾತಾಡುವವರು ಡಬ್ಬಿಯ ಬಗ್ಗೆಯೂ ಮಾತಾಡಬೇಕು ಎಂದು ನನಗನ್ನಿಸುತ್ತದೆ.

2009ರಲ್ಲಿ ಕೋಲಾರ, ರಾಮನಗರದಂಥ ರೇಷ್ಮೆಯ ಊರುಗಳಲ್ಲಿ ಏನಾಯಿತೆಂಬುದು ಕೆಲವರಿಗೆ ನೆನಪಿರಬಹುದು. ಒಬ್ಬೊಬ್ಬ ಮಹಿಳೆಯ ಮೇಲೆ ಹಲವು ಕಂಪನಿಗಳ ಸಾಲ, ಜೊತೆಗೆ ರೇಷ್ಮೆ ಕೆಲಸದಲ್ಲಿ ಹಿನ್ನಡೆ. ಕಂಪನಿಗಳಿಗೆ ಕಂತು ಕಟ್ಟಬೇಡಿ, ಅವರೊಂದಿಗೆ ವ್ಯವಹಾರವೇ ಬೇಡ ಎಂದು ಅಂಜುಮನ್‌ಗಳು ಹೇಳಿದವು. ಕಂತು ನಿಂತಿತು, ಹೊಸ ಸಾಲವೂ ನಿಂತಿತು. ಆದರೆ ಹೆರಿಗೆ, ಕಾಯಿಲೆ, ಶಾಲೆಯ ಫೀಸು ನಿಲ್ಲುತ್ತದೆಯೇ? 2025ರ ಜನವರಿಯಲ್ಲಿ ನಮ್ಮ ಮಳವಳ್ಳಿ ತಾಲೂಕಿನ ಹಳ್ಳಿಯೊಂದರ ಮಹಿಳೆ ಜೀವ ಕಳೆದುಕೊಂಡಾಗ ಮೈಕ್ರೋ ಫೈನಾನ್ಸ್ ಸಾಲದ ಒತ್ತಡವೇ ಕಾರಣವೆಂದು ಪತ್ರಿಕೆಗಳಲ್ಲಿ ಬಂತು. ಅದನ್ನು ಓದಿ ಎಷ್ಟೋ ಮನೆಗಳಲ್ಲಿ ಆ ರಾತ್ರಿ ನಿದ್ದೆ ಬರಲಿಲ್ಲ.

ನೂರು ಎಲ್ಲಿಂದ ತರುವುದು?

ದಿನಕ್ಕೆ ಹದಿನಾಲ್ಕು ಹದಿನೈದು ರೂಪಾಯಿ. ಮೊದಲು ಮಕ್ಕಳ ಕೈಯನ್ನು ನೋಡಿ. ಶಾಲೆಗೆ ಹೋಗುವಾಗ ಐದು ರೂಪಾಯಿಯ ಪ್ಯಾಕೆಟ್ಟು, ಬರುವಾಗ ಇನ್ನೊಂದು. ಇಬ್ಬರು ಮಕ್ಕಳಿಗೆ ದಿನಕ್ಕೆ ಇಪ್ಪತ್ತು, ತಿಂಗಳಿಗೆ ಆರುನೂರು! ಪ್ಯಾಕೆಟ್ಟಿನೊಳಗೆ ಅರ್ಧ ಗಾಳಿ, ಉಳಿದದ್ದು ಉಪ್ಪು. ನಮ್ಮದು ಬೆಲ್ಲದ ಜಿಲ್ಲೆ. ಕಡಲೆಪುರಿ, ಹುರಿದ ಕಡಲೆಬೀಜ, ಒಂದು ಚೂರು ಬೆಲ್ಲ ಡಬ್ಬಿಗೆ ಹಾಕಿ ಕೊಟ್ಟರೆ ಮಗುವಿನ ಹೊಟ್ಟೆಯೂ ತುಂಬುತ್ತದೆ. ಬೆಲ್ಲವನ್ನು ಪರಿಚಯದ ಆಲೆಮನೆಯಿಂದಲೇ ತಂದರೆ ಅಂಗಡಿಯ ಲಾಭ ಉಳಿಯುತ್ತದೆ. ಹಳದಿಯಾಗಿ ಥಳಥಳಿಸುವ ಅಚ್ಚಿಗೆ ಮರುಳಾಗಬೇಡಿ. ಹೈಡ್ರೋಸ್ ಪುಡಿ ಹಾಕಿದರೂ ಆ ಬಣ್ಣ ಬರುತ್ತದೆ. ಕಂದು ಬಣ್ಣದ ಬೆಲ್ಲವೇ ವಾಸಿ. ಹಟ ಮಾಡುವ ಮಗುವಿಗೆ ಒಮ್ಮೆಲೇ ಎಲ್ಲ ನಿಲ್ಲಿಸಲು ಹೋಗಬೇಡಿ. ವಾರಕ್ಕೆ ಒಂದು ದಿನ ಪ್ಯಾಕೆಟ್ಟಿನ ದಿನ ಎಂದು ಒಪ್ಪಂದ ಮಾಡಿಕೊಳ್ಳಿ.

ಇನ್ನು ಮೊಬೈಲು. ಮನೆಯಲ್ಲಿ ನಾಲ್ಕು ನಂಬರು, ಎಲ್ಲಕ್ಕೂ ತಿಂಗಳ ರೀಚಾರ್ಜು. 28 ದಿನದ ರೀಚಾರ್ಜು ತಿಂಗಳದ್ದಲ್ಲ ಎಂಬುದನ್ನು ಗಮನಿಸಿದ್ದೀರಾ? ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ಸಲ ಹಾಕಿಸಬೇಕಾಗುತ್ತದೆ. ಮನೆಯಲ್ಲೇ ಇರುವ ಹಿರಿಯರ ಫೋನಿಗೆ ಕರೆ ಬಂದರೆ ಸಾಕು, ದಿನಕ್ಕೆ ಇಷ್ಟು ಜಿಬಿ ಡೇಟಾ ಯಾರಿಗಾಗಿ?

ಗ್ಯಾಸಿನ ವಿಷಯಕ್ಕೆ ಬರೋಣ. ಹೊಸ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. 14.2 ಕಿಲೋ ಗ್ಯಾಸು ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ ಎಂಬುದು ಗೊತ್ತಿಲ್ಲದೆ ಉಳಿಸುವುದು ಹೇಗೆ? ಜ್ವಾಲೆ ನೀಲಿಯಾಗಿರಬೇಕು. ಹಳದಿಯಾದರೆ ಬರ್ನರ್ ಕಟ್ಟಿಕೊಂಡಿದೆ ಎಂದು ಅರ್ಥ, ಬಿಚ್ಚಿ ತೊಳೆಯಿರಿ. ಹುರುಳಿ, ಕಡಲೆ, ಒಣ ಅವರೆಕಾಳನ್ನು ರಾತ್ರಿಯೇ ನೆನೆಹಾಕಿ. ಕುದಿ ಬಂದ ಮೇಲೆ ಉರಿ ದೊಡ್ಡದಿದ್ದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಬರೀ ಆವಿಯಾಗುತ್ತದೆ. ಆದ್ದರಿಂದ ಸಣ್ಣ ಉರಿ ಸಾಕು, ಮೇಲೆ ಮುಚ್ಚಳ ಇರಲಿ. ಬಲಿತ ಮಾಂಸಕ್ಕೆ ಒಂದು ಚಮಚ ಹಸಿ ಪರಂಗಿಕಾಯಿ ಅರೆದು ಹಚ್ಚಿ ಅರ್ಧ ಗಂಟೆ ಬಿಡಿ. ಕುಕ್ಕರಿನಲ್ಲಿ ಎಷ್ಟು ಸೀಟಿ ಕಡಿಮೆಯಾಗುತ್ತದೆಂದು ನೀವೇ ಎಣಿಸಿ. ವಾರದಲ್ಲಿ ಎರಡು ರಾತ್ರಿ ಅನ್ನದ ಬದಲು ರಾಗಿ ಮುದ್ದೆ, ಸೊಪ್ಪಿನ ಸಾರು ಮಾಡಿದರೆ ಹಿರಿಯರ ಸಕ್ಕರೆ ಕಾಯಿಲೆಗೂ ಒಳ್ಳೆಯದು. ಮಂಡ್ಯದಲ್ಲಿದ್ದುಕೊಂಡು ಮುದ್ದೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ!

ಕರೆಂಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ಹಲವರು ನಂಬಿದ್ದಾರೆ. ಪ್ರತಿ ಮನೆಗೂ ಅದರದೇ ಮಿತಿ ಇದೆ. 2022-23ರಲ್ಲಿ ನೀವು ಬಳಸಿದ ಸರಾಸರಿಗೆ ಸ್ವಲ್ಪ ಸೇರಿಸಿ ನಿಗದಿ ಮಾಡಿದ ಮಿತಿ ಅದು. ಅದಕ್ಕಿಂತ ಹೆಚ್ಚಾದಷ್ಟಕ್ಕೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲು ನಿಮ್ಮ ಮೇಲೆಯೇ. ನಿಮ್ಮ ಬಿಲ್ಲಿನಲ್ಲಿ ನಿಮ್ಮ ಮಿತಿ ಎಷ್ಟೆಂದು ನೋಡಿಟ್ಟುಕೊಳ್ಳಿ. 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಆಗುವುದಿಲ್ಲ. ಆದರೆ ನಿಜವಾದ ಕಳ್ಳ ಬಲ್ಬಲ್ಲ, ನೀರು ಕಾಯಿಸುವ ರಾಡು. 1500 ವ್ಯಾಟಿನ ರಾಡು ದಿನಕ್ಕೆ ಒಂದು ಗಂಟೆ ಬಕೆಟ್ಟಿನಲ್ಲಿದ್ದರೆ ತಿಂಗಳಿಗೆ 45 ಯೂನಿಟ್. ತೆಂಗಿನ ಗರಿ, ಮೊಟ್ಟೆ ಸುಲಭವಾಗಿ ಸಿಗುವ ಊರು ನಮ್ಮದು. ಹಿತ್ತಲಿನಲ್ಲಿ ಹಂಡೆ ಒಲೆಗೆ ಜಾಗವಿರುವವರು ಯೋಚಿಸಿ.

ಬಸ್ಸಿನ ಹಣವೂ ಉಳಿದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಮಗೆ ಟಿಕೆಟ್ ಹಣವಿಲ್ಲ. ಮಳವಳ್ಳಿಯಿಂದ ಮಂಡ್ಯದ ಆಸ್ಪತ್ರೆಗೆ ಹೋಗಿಬರುವ ಖರ್ಚು ಮೊದಲು ದೊಡ್ಡದಾಗಿತ್ತು. ಈಗ ಆ ಹಣ ಡಬ್ಬಿಗೆ ಬಿದ್ದಿದೆಯೇ? ಬಸ್ಸು ಉಚಿತವೆಂದು ಮೈಸೂರಿಗೆ ಹೋಗಿ ಬೇಡದ ಬಟ್ಟೆ ತಂದರೆ ಉಳಿದದ್ದೇನು? ಗಂಡಸರು ಕೆಲಸಕ್ಕೆಂದು ದಿನವೂ ಬೆಂಗಳೂರಿಗೋ ಮೈಸೂರಿಗೋ ಹೋಗುವುದಾದರೆ ಮಂಡ್ಯ, ಮದ್ದೂರಿನವರಿಗೆ ರೈಲಿನ ತಿಂಗಳ ಪಾಸು ಎಲ್ಲಕ್ಕಿಂತ ಅಗ್ಗ. ಮಳವಳ್ಳಿಯವರಿಗೆ ರೈಲಿನ ಭಾಗ್ಯ ಇನ್ನೂ ಬಂದಿಲ್ಲ.

ಎಲ್ಲಕ್ಕಿಂತ ದೊಡ್ಡದು ಔಷಧಿ. ಬಿಪಿ, ಶುಗರ್ ಮಾತ್ರೆ ಒಮ್ಮೆ ಶುರುವಾದರೆ ಜೀವನವಿಡೀ. ಈ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತವೆ. ಅಲ್ಲಿ ಇಲ್ಲವೆಂದರೆ ಜನೌಷಧಿ ಅಂಗಡಿಯಲ್ಲಿ ಕೇಳಿ. ಕಂಪನಿಯ ಹೆಸರು ಬೇರೆ, ಒಳಗಿನ ಔಷಧಿ ಅದೇ, ಬೆಲೆ ಬಹಳ ಕಡಿಮೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರನ್ನು ಬರೆದುಕೊಡಿ ಎಂದು ವೈದ್ಯರನ್ನು ಕೇಳಲು ಹಿಂಜರಿಯಬೇಡಿ. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಸ್ಥಿತಿಯಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಶಿಫಾರಸು ಪತ್ರ ಪಡೆಯಬೇಕು. ಇದು ತಿಳಿಯದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಸೇರಿಸಿ, ಆಮೇಲೆ ಒಡವೆ ಅಡವಿಟ್ಟ ಮನೆಗಳು ಎಷ್ಟೋ.

ಬಕ್ರೀದ್ ಮತ್ತು ಶಾಲೆಯ ಬಾಗಿಲು

ಬಕ್ರೀದ್ 2024ರಲ್ಲಿ ಜೂನ್ 17ಕ್ಕೆ, 2025ರಲ್ಲಿ ಜೂನ್ 7ಕ್ಕೆ ಬಂತು. ನಮ್ಮ ಚಂದ್ರಮಾನ ವರ್ಷ ಹತ್ತು ಹನ್ನೊಂದು ದಿನ ಚಿಕ್ಕದಾದ್ದರಿಂದ ಹಬ್ಬ ಪ್ರತಿ ವರ್ಷ ಅಷ್ಟು ದಿನ ಮೊದಲೇ ಬರುತ್ತದೆ. ಹೀಗಾಗಿ ಈ ಕೆಲವು ವರ್ಷ ಹಬ್ಬ, ಶಾಲೆಯ ಆರಂಭ, ಮಳೆಗಾಲ ಮೂರೂ ಒಟ್ಟೊಟ್ಟಿಗೆ ಬಂದಿವೆ. ಫೀಸು, ಪುಸ್ತಕ, ಬೂಟು, ಹೊಸ ಬಟ್ಟೆ, ಮೇಲೆ ಸೋರುವ ಮಾಡಿನ ರಿಪೇರಿ. ಸಾಲ ಕೊಡುವವರಿಗೂ ಇದು ಗೊತ್ತು.

ಕುರ್ಬಾನಿ ಸಾಮರ್ಥ್ಯವಿದ್ದವರ ಮೇಲೆ ಮಾತ್ರ. ಪಕ್ಕದ ಮನೆಯವರು ತಂದರೆಂದು ಬಡ್ಡಿ ಸಾಲದಲ್ಲಿ ಕುರಿ ತರಬೇಕೆಂದು ಯಾರೂ ಹೇಳಿಲ್ಲ. ಸಾಮರ್ಥ್ಯವಿದ್ದರೂ ಹಬ್ಬದ ಹಿಂದಿನ ವಾರ ಸಂತೆಗೆ ಹೋಗಿ ಬೆಲೆ ಕೇಳಿ ಬೆಚ್ಚಿಬೀಳುವ ಬದಲು ಬೇರೆ ದಾರಿಯಿದೆ. ಬಂಡೂರು ಕುರಿ ನಮ್ಮದೇ ಮಳವಳ್ಳಿ ತಾಲೂಕಿನ ಬಂಡೂರಿನ ತಳಿ. ಗಿಡ್ಡ ಕಾಲು, ದುಂಡಗಿನ ಮೈ, ಮೃದುವಾದ ಮಾಂಸ. ಬೆಂಗಳೂರಿನವರೂ ಹುಡುಕಿಕೊಂಡು ಬರುತ್ತಾರೆ, ಆದ್ದರಿಂದಲೇ ಬೆಲೆ ಜಾಸ್ತಿ. ಹಿತ್ತಲಿರುವ ಮನೆಯವರು ವರ್ಷಕ್ಕೆ ಮುಂಚೆಯೇ ಹಾಲು ಬಿಟ್ಟ ಒಂದೆರಡು ಮರಿ ತಂದು ಸಾಕಿದರೆ ಹೇಗೆ? ಬಂಡೂರೇ ಆಗಬೇಕೆಂದಿಲ್ಲ, ಸಾಧಾರಣ ನಾಟಿ ಮರಿಯೂ ಆದೀತು. ಮಳವಳ್ಳಿ ಕಡೆ ರೇಷ್ಮೆ ಹುಳು ಸಾಕುವವರ ಮನೆಯಲ್ಲಿ ಹುಳು ತಿಂದು ಉಳಿದ ಹಿಪ್ಪುನೇರಳೆ ಸೊಪ್ಪು, ಕಡ್ಡಿ ಸಿಗುತ್ತದೆ. ತರಕಾರಿ ಸಿಪ್ಪೆ, ಹಲಸಿನ ಎಲೆ ಇದ್ದೇ ಇದೆ. ಒಂದನ್ನು ಹಬ್ಬಕ್ಕೆ ಇಟ್ಟುಕೊಂಡು ಇನ್ನೊಂದನ್ನು ಮಾರಿದರೆ ಮಕ್ಕಳ ಫೀಸಿಗೆ ದಾರಿಯಾಯಿತು. ಮರಿಗೆ ಲಸಿಕೆ, ಜಂತಿನ ಔಷಧಿ ಪಶು ಆಸ್ಪತ್ರೆಯಲ್ಲಿ ಹಾಕಿಸಲು ಮರೆಯಬೇಡಿ. ಮಕ್ಕಳು ಮರಿಗೆ ಹೆಸರಿಟ್ಟು ಅಳುವುದು ಮಾತ್ರ ಇದರಲ್ಲಿರುವ ಕಷ್ಟ!

ಮದುವೆಯ ಖರ್ಚಿನ ಬಗ್ಗೆ ಬರೆಯಲು ಹೋದರೆ ಇನ್ನೊಂದು ಲೇಖನವಾಗುತ್ತದೆ. ಇಷ್ಟು ಹೇಳುತ್ತೇನೆ: ವಾರಕ್ಕೆ ನೂರರಂತೆ ಹತ್ತು ವರ್ಷ ಕೂಡಿಟ್ಟದ್ದನ್ನು ಶಾದಿಮಹಲ್‌ನ ಒಂದು ಮಧ್ಯಾಹ್ನ ನುಂಗಿಬಿಡುತ್ತದೆ.

ಉಳಿದದ್ದನ್ನು ಎಲ್ಲಿಡಬೇಕು?

ಡಬ್ಬಿಯ ಹಣ ಐನೂರು ದಾಟಿದ ಮೇಲೆ ಡಬ್ಬಿಯಲ್ಲಿರಬಾರದು. ಕಣ್ಣೆದುರಿಗಿರುವ ಹಣಕ್ಕೆ ದಾರಿ ನೂರು. ಅಂಚೆ ಕಚೇರಿಯಲ್ಲಿ ಐನೂರು ರೂಪಾಯಿಗೆ ಉಳಿತಾಯ ಖಾತೆ ತೆರೆಯಬಹುದು. ಜನಧನ್ ಖಾತೆಗೆ ಅದೂ ಬೇಡ. ಬಡ್ಡಿ ಬೇಡವೆನ್ನುವವರು ಖಾತೆಗೆ ಬಿದ್ದ ಬಡ್ಡಿಯನ್ನು ಬೇರೆ ತೆಗೆದು ಬಡವರಿಗೆ ಕೊಡುವ ರೂಢಿ ನಮ್ಮಲ್ಲಿದೆ. ಅಸಲಾದರೂ ಭದ್ರವಾಗಿರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಬರುವವರು ಆ ಖಾತೆಯನ್ನು ಬೇರೆಯೇ ಇಡಿ. ಅದು ಯಾವ ತಿಂಗಳದ್ದು ಯಾವ ತಿಂಗಳಿಗೆ ಬರುತ್ತದೆಂದು ಹೇಳಲಾಗದು. ಅದನ್ನು ನಂಬಿ ಕಂತಿನ ಸಾಲಕ್ಕೆ ಸಹಿ ಹಾಕಿದರೆ, ಹಣ ತಡವಾದ ವಾರ ಕಂತು ತಡವಾಗಲು ಕಂಪನಿ ಬಿಡುವುದಿಲ್ಲ.

ಬೀಸಿ ಅಥವಾ ಚೀಟಿ ನಮ್ಮ ಮಹಿಳೆಯರಿಗೆ ಹಳೆಯ ಪರಿಚಯ. ಹತ್ತು ಹನ್ನೆರಡು ಮಂದಿ ಬಂಧು ನೆರೆಯವರು ಸೇರಿ, ಹೆಸರು ಎತ್ತಿ, ಪ್ರತಿಯೊಬ್ಬರಿಗೂ ಸಮನಾಗಿ ಹಣ ಸಿಗುವ ಚೀಟಿಯಲ್ಲಿ ಬಡ್ಡಿಯಿಲ್ಲ, ಹರಾಜಿಲ್ಲ. ಇದು ಒಳ್ಳೆಯದೇ. ಆದರೆ ಮುಖ ಪರಿಚಯವಿಲ್ಲದವರು ನಡೆಸುವ, ನೋಂದಣಿಯಿಲ್ಲದ ದೊಡ್ಡ ಚೀಟಿಯಿಂದ ದೂರವಿರಿ.

ಅದಕ್ಕಿಂತಲೂ ದೂರವಿರಬೇಕಾದದ್ದು ಹಲಾಲ್ ಲಾಭ ಎಂದು ಹೇಳಿಕೊಂಡು ಬರುವವರಿಂದ. ಬೆಂಗಳೂರಿನ ಐಎಂಎ ಸಂಸ್ಥೆ ತಿಂಗಳಿಗೆ ನೂರಕ್ಕೆ ಮೂರರ ಹತ್ತಿರ ಲಾಭ ಕೊಡುತ್ತೇವೆಂದು ಹಣ ಸಂಗ್ರಹಿಸಿ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ದೂರು ಕೊಟ್ಟವರೇ 40 ಸಾವಿರಕ್ಕೂ ಹೆಚ್ಚು. ಹೆಚ್ಚಿನವರು ನಮ್ಮವರೇ. ಅಂಗಡಿಯಲ್ಲಿ ದಿನವಿಡೀ ಕುಳಿತು ವ್ಯಾಪಾರ ಮಾಡುವ ನಿಮ್ಮ ಮನೆಯವರಿಗೆ ಪ್ರತಿ ತಿಂಗಳೂ ತಪ್ಪದೆ ನೂರಕ್ಕೆ ಮೂರು ನಿವ್ವಳ ಲಾಭ ಸಿಗುತ್ತದೆಯೇ, ಕೇಳಿ ನೋಡಿ. ಅವರಿಗೇ ಸಿಗದದ್ದು ಕಾಣದವರ ಕೈಗೆ ಹೇಗೆ ಸಿಕ್ಕೀತು?

ಚಿನ್ನ ಕೊಳ್ಳುವುದಾದರೆ ಹಾಲ್‌ಮಾರ್ಕ್ ಜೊತೆಗೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಗುರುತು ನೋಡಿ. 2023ರ ಏಪ್ರಿಲ್‌ನಿಂದ ಇದು ಕಡ್ಡಾಯ. ಉಳಿತಾಯಕ್ಕಾಗಿ ಕೊಳ್ಳುವವರು ಕುಸುರಿ ಕೆಲಸದ ಒಡವೆ ಬಿಟ್ಟು ಸಾದಾ ನಾಣ್ಯವನ್ನೋ ಬಳೆಯನ್ನೋ ಕೊಳ್ಳಿ. ಮಾರುವ ದಿನ ಮಜೂರಿ ವಾಪಸು ಬರುವುದಿಲ್ಲ. ಕೂಡಿಟ್ಟದ್ದು ನಿಸಾಬ್ ತಲುಪಿ ವರ್ಷವಾದರೆ ಝಕಾತ್ ಇದೆ ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಈಗಾಗಲೇ ಕಂತಿನಲ್ಲಿದ್ದರೆ

ನೂರು ರೂಪಾಯಿಯ ಮಾತು ನಮಗಲ್ಲ, ನಾವು ಆಗಲೇ ಮೂರು ಕಡೆ ಕಟ್ಟುತ್ತಿದ್ದೇವೆ ಎನ್ನುವ ಸಹೋದರಿಯರೂ ಇದನ್ನು ಓದುತ್ತಿರಬಹುದು. ಒಂದನ್ನು ತೀರಿಸಲು ಇನ್ನೊಂದು ಸಾಲ ಮಾಡುವುದನ್ನು ಇವತ್ತೇ ನಿಲ್ಲಿಸಿ. ಎಲ್ಲ ಸಾಲಗಳ ಬಾಕಿಯನ್ನು ಒಂದು ಹಾಳೆಯಲ್ಲಿ ಬರೆದು ಗಂಡನಿಗೂ ತೋರಿಸಿ. ಮುಚ್ಚಿಟ್ಟ ಸಾಲವೇ ಹೆಚ್ಚು ಭಾರ. ಅತಿ ಚಿಕ್ಕ ಬಾಕಿಯನ್ನು ಮೊದಲು ಮುಗಿಸಿ, ಅಲ್ಲಿ ಉಳಿದ ಕಂತನ್ನು ಮುಂದಿನದಕ್ಕೆ ಸೇರಿಸಿ. ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್‌ನಿಂದ ಜಾರಿಗೆ ತಂದ ನಿಯಮದಂತೆ ಮೈಕ್ರೋ ಫೈನಾನ್ಸ್ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಕುಟುಂಬದ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. ವಸೂಲಿಗೆ ಇಬ್ಬರೂ ಒಪ್ಪಿದ ಒಂದು ಜಾಗವಿರಬೇಕು. ಸತತವಾಗಿ ಎರಡು ಸಲ ನೀವು ಅಲ್ಲಿಗೆ ಹೋಗದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನು ಮಾಡುವಂತಿಲ್ಲ. ಬೈಯುವಂತಿಲ್ಲ, ಬೆದರಿಸುವಂತಿಲ್ಲ, ನೆಂಟರ ಮುಂದೆ ಮಾನ ಕಳೆಯುವಂತಿಲ್ಲ.

ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಿಗೆ ಈ ನಿಯಮ. ನೋಂದಣಿಯಿಲ್ಲದೆ ಬಡ್ಡಿ ವ್ಯವಹಾರ ಮಾಡುವವರ ಕಿರುಕುಳದ ವಿರುದ್ಧ ರಾಜ್ಯ ಸರ್ಕಾರ 2025ರ ಫೆಬ್ರವರಿ 12ರಂದು ಸುಗ್ರೀವಾಜ್ಞೆ ತಂದಿತು, ಆಮೇಲೆ ಅದೇ ಕಾನೂನಾಯಿತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಪೊಲೀಸ್ ಠಾಣೆಗೆ ಒಬ್ಬರೇ ಹೋಗಲು ಅಂಜಿಕೆಯಾದರೆ ಗುಂಪಿನ ನಾಲ್ವರು ಸೇರಿ ಹೋಗಿ. ಹೋಗುವಾಗ ಸಾಲದ ಕಾರ್ಡು, ಕಟ್ಟಿದ ರಸೀದಿಗಳು, ಫೋನಿಗೆ ಬಂದ ಬೆದರಿಕೆಯ ರೆಕಾರ್ಡಿಂಗ್ ಜೊತೆಗಿರಲಿ. ರಸೀದಿ ಕೊಡದ ಕಂತನ್ನು ಇನ್ನು ಮುಂದೆ ಯಾರ ಕೈಗೂ ಕೊಡಬೇಡಿ.